ಕೋನನ್ ಸೃಷ್ಟಿಕರ್ತನ ಕಳೆದುಹೋದ ಕವಿತೆಗಳು

ಖಡ್ಗ ಹಿಡಿದ ದೈತ್ಯದೇಹಿ ಕೋನನ್‌ನ ಹೆಸರು ಕೇಳದವರು ವಿರಳ. 1982ರಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅಭಿನಯದ ಚಲನಚಿತ್ರ ತೆರೆಕಂಡ ಮೇಲಂತೂ ಆತ ಜಗತ್ತಿನ ಮೂಲೆಮೂಲೆಗೂ ಪರಿಚಿತನಾದ. ಆದರೆ ಆ ಪಾತ್ರವನ್ನು ಸೃಷ್ಟಿಸಿದ ಅಮೆರಿಕದ ಲೇಖಕ ರಾಬರ್ಟ್ ಇ. ಹೋವರ್ಡ್ ಕವಿಯೂ ಆಗಿದ್ದ ಎಂಬುದನ್ನು ಬಲ್ಲವರು ಕಡಿಮೆ. ಮೂವತ್ತೇ ವರ್ಷದ ಅಲ್ಪಾಯುಷ್ಯದಲ್ಲಿ ಆತ ಬರೆದ ಕವಿತೆಗಳ ಪೈಕಿ ಇದುವರೆಗೆ ದೊರೆತಿರುವುದೇ 700ಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಆತನ ಜೀವಿತಕಾಲದಲ್ಲಿ ಅಚ್ಚಾಗಲೇ ಇಲ್ಲ. ಇನ್ನು ಕೆಲವು ಹೆಸರನ್ನಷ್ಟೇ ಉಳಿಸಿ ಕಣ್ಮರೆಯಾಗಿವೆ. ಈ ಕಾವ್ಯರಾಶಿ ಉಳಿದುಬಂದ ಬಗೆ ಕವಿಯ ಬದುಕಿನಷ್ಟೇ ಕುತೂಹಲಕರವಾದುದು.

ತೈಲದೂರಿನ ಹುಡುಗ

ಹೋವರ್ಡ್ ಜನಿಸಿದ್ದು 1906ರ ಜನವರಿ 22ರಂದು, ಟೆಕ್ಸಾಸ್ ರಾಜ್ಯದ ಪೀಸ್ಟರ್ ಎಂಬ ಪುಟ್ಟ ಊರಿನಲ್ಲಿ. ತಂದೆ ಐಸಾಕ್ ಹೋವರ್ಡ್ ವೈದ್ಯರು. ತಾಯಿ ಹೆಸ್ಟರ್ ಕ್ಷಯರೋಗಿ. ಮಗನಿಗೆ ಕವಿತೆಗಳನ್ನು ಹೇಳಿಕೊಟ್ಟು ಪದ್ಯದ ರುಚಿ ಹತ್ತಿಸಿದವರು ಆ ತಾಯಿಯೇ. ಊರಿಂದೂರಿಗೆ ಅಲೆದ ಕುಟುಂಬ 1919ರಲ್ಲಿ ಕ್ರಾಸ್ ಪ್ಲೇನ್ಸ್‌ನಲ್ಲಿ ನೆಲೆನಿಂತಿತು. ತೈಲಬಾವಿಗಳ ಭರಾಟೆಯಲ್ಲಿ ಹಠಾತ್ತನೆ ಬೆಳೆದು ಅಷ್ಟೇ ಬೇಗ ಸೊರಗಿದ ಊರು ಅದು.

ಪ್ರೌಢಶಾಲೆಯ ಕೊನೆಯ ವರ್ಷವನ್ನು ಓದಲು ಹೋವರ್ಡ್ ಸಮೀಪದ ಬ್ರೌನ್‌ವುಡ್‌ಗೆ ಹೋದ. ಅಲ್ಲಿ ದೊರೆತ ಗೆಳೆಯ ಟೆವಿಸ್ ಕ್ಲೈಡ್ ಸ್ಮಿತ್. 1923ರಿಂದ ಇಬ್ಬರ ನಡುವೆ ಪತ್ರವ್ಯವಹಾರ ಆರಂಭವಾಯಿತು. ಹೋವರ್ಡ್ ತನ್ನ ಕಾಗದಗಳಲ್ಲಿ ಕುಶಲ ಸಮಾಚಾರದ ನಡುನಡುವೆ ಪದ್ಯಗಳನ್ನು ಹೆಣೆಯುತ್ತಿದ್ದ. ವೀರಗೀತೆ, ಶೋಕಗೀತೆ, ಗೆಳೆಯರ ನಡುವೆಯಷ್ಟೇ ಸಲ್ಲುವ ಪೋಲಿ ಪದ್ಯ, ಎಲ್ಲವೂ ಅಲ್ಲಿದ್ದವು. ಆ ಕಾಗದಗಳನ್ನು ಸ್ಮಿತ್ ಜೋಪಾನ ಮಾಡದಿದ್ದರೆ ಇಂದಿನ ಸಂಕಲನಗಳು ಎಷ್ಟೋ ತೆಳುವಾಗುತ್ತಿದ್ದವು.

ಹೊಟ್ಟೆಪಾಡಿಗೆ ಗದ್ಯ

ಒರಟು ಕಾಗದದ ಮೇಲೆ ಅಚ್ಚಾಗಿ ಅಗ್ಗದ ಬೆಲೆಗೆ ಮಾರಾಟವಾಗುತ್ತಿದ್ದ ಪಲ್ಪ್ ಪತ್ರಿಕೆಗಳ ಕಾಲ ಅದು. ಅವುಗಳಲ್ಲೊಂದಾದ ವಿಯರ್ಡ್ ಟೇಲ್ಸ್ 1924ರಲ್ಲಿ ಹೋವರ್ಡ್‌ನ ಕಥೆಯೊಂದನ್ನು ಒಪ್ಪಿಕೊಂಡು 1925ರ ಜುಲೈ ಸಂಚಿಕೆಯಲ್ಲಿ ಪ್ರಕಟಿಸಿತು. 1927ರಿಂದ ಅದೇ ಪತ್ರಿಕೆಯಲ್ಲಿ ಆತನ ಕವಿತೆಗಳೂ ಕಾಣಿಸಿಕೊಂಡವು. ಈ ನಡುವೆ ಶೀಘ್ರಲಿಪಿ ಬಲ್ಲ ಬೆರಳಚ್ಚುಗಾರನಾಗಿ, ಔಷಧದಂಗಡಿಯಲ್ಲಿ ಸೋಡಾ ಕೊಡುವವನಾಗಿ ದುಡಿದು ಬೇಸತ್ತ ಹೋವರ್ಡ್, ಬರವಣಿಗೆಯನ್ನೇ ವೃತ್ತಿಯಾಗಿಸಿಕೊಂಡ.

1928ರಲ್ಲಿ ಕವಿತೆಗಳ ಹಸ್ತಪ್ರತಿಯೊಂದನ್ನು ಸಿದ್ಧಪಡಿಸಿ ನ್ಯೂಯಾರ್ಕ್‌ನ ಪ್ರಕಾಶಕರಾದ ಆಲ್ಬರ್ಟ್ ಮತ್ತು ಚಾರ್ಲ್ಸ್ ಬೋನಿ ಸಂಸ್ಥೆಗೆ ಕಳುಹಿಸಿದ. ಅದು ತಿರಸ್ಕೃತವಾಯಿತು. ಕಥೆಗೆ ದುಡ್ಡಿತ್ತು, ಕವಿತೆಗೆ ಇರಲಿಲ್ಲ. ತಾಯಿಯ ಕಾಯಿಲೆಯ ಖರ್ಚು ಏರುತ್ತ ಹೋದಂತೆ ಪದ್ಯರಚನೆ ಹಿಂದೆ ಸರಿಯಿತು. 1932ರ ಡಿಸೆಂಬರಿನಲ್ಲಿ ಕೋನನ್ ಮೊದಲ ಬಾರಿಗೆ ಮುದ್ರಣದಲ್ಲಿ ಕಾಣಿಸಿಕೊಂಡಾಗ ಹೋವರ್ಡ್‌ನ ಕಾವ್ಯದ ಬಹುಭಾಗ ಆಗಲೇ ರಚನೆಯಾಗಿತ್ತು. ಆದರೂ ಕಥೆಗಳ ಅಧ್ಯಾಯಗಳ ನೆತ್ತಿಯ ಮೇಲೆ, ಕಾಲ್ಪನಿಕ ಕವಿಗಳ ಹೆಸರಿನಲ್ಲಿ, ಆತ ತನ್ನವೇ ಪದ್ಯಗಳನ್ನು ಇರಿಸುವುದನ್ನು ಬಿಡಲಿಲ್ಲ. ಕಥೆಯೂ ಸಕಾಲಕ್ಕೆ ಹಣ ತರಲಿಲ್ಲ. 1935ರಲ್ಲಿ ವಿಯರ್ಡ್ ಟೇಲ್ಸ್ ಆತನಿಗೆ 800 ಡಾಲರಿಗೂ ಹೆಚ್ಚು ಬಾಕಿ ಉಳಿಸಿಕೊಂಡಿತ್ತು.

1936ರ ಜೂನ್ 11ರ ಬೆಳಿಗ್ಗೆ, ಪ್ರಜ್ಞೆ ತಪ್ಪಿದ ತಾಯಿ ಮತ್ತೆ ಎಚ್ಚರಗೊಳ್ಳುವುದಿಲ್ಲ ಎಂದು ತಿಳಿದ ಹೋವರ್ಡ್ ತನ್ನ ಜೀವವನ್ನು ತಾನೇ ಕೊನೆಗಾಣಿಸಿಕೊಂಡ. ಮರುದಿನ ತಾಯಿಯೂ ತೀರಿಕೊಂಡರು. ಇಬ್ಬರನ್ನೂ ಬ್ರೌನ್‌ವುಡ್‌ನ ಗ್ರೀನ್‌ಲೀಫ್ ಸ್ಮಶಾನದಲ್ಲಿ ಮಣ್ಣುಮಾಡಲಾಯಿತು. ಒಂದೇ ದಿನ ಮಡದಿ ಮತ್ತು ಒಬ್ಬನೇ ಮಗನನ್ನು ಮಣ್ಣಿಗೊಪ್ಪಿಸಿದ ವೃದ್ಧ ವೈದ್ಯರ ಪಾಲಿಗೆ ಉಳಿದದ್ದು ರಾಶಿರಾಶಿ ಬೆರಳಚ್ಚು ಹಾಳೆಗಳು.

ಟ್ರಂಕಿನಿಂದ ಪಟ್ಟಿಗೆ

1944ರಲ್ಲಿ ತಂದೆಯೂ ಕಾಲವಾದರು. ಹಾಳೆಗಳು ತುಂಬಿದ್ದ ಟ್ರಂಕು ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಲೇಖಕ ಮಿತ್ರ ಇ. ಹಾಫ್‌ಮನ್ ಪ್ರೈಸ್ ಕೈಸೇರಿತ್ತು. ಅಲ್ಲಿಂದ ಮುಂದೆ ಅದು ಕೈಯಿಂದ ಕೈಗೆ ದಾಟಿತು. ಅದನ್ನು ಬೆನ್ನಟ್ಟಿ ಹಿಡಿದವನು ಟೆಕ್ಸಾಸ್‌ನ ಗ್ಲೆನ್ ಲಾರ್ಡ್. ವಿಶ್ವವಿದ್ಯಾಲಯದ ಪಂಡಿತನಲ್ಲ, ಬರಿಯ ಓದುಗ. 1957ರಲ್ಲಿ ಹೋವರ್ಡ್‌ನ ಮೊದಲ ಕವನ ಸಂಕಲನ ‘ಆಲ್ವೇಸ್ ಕಮ್ಸ್ ಈವ್ನಿಂಗ್’ ಆರ್ಕಮ್ ಹೌಸ್‌ನಿಂದ ಹೊರಬಂದದ್ದು ಈತನ ಶ್ರಮದಿಂದ. ಅಚ್ಚಾದದ್ದು ಕೇವಲ 600 ಚಿಲ್ಲರೆ ಪ್ರತಿ. 1961ರಿಂದ 1973ರವರೆಗೆ ಲಾರ್ಡ್ ‘ದಿ ಹೋವರ್ಡ್ ಕಲೆಕ್ಟರ್’ ಎಂಬ ಪುಟ್ಟ ಪತ್ರಿಕೆಯನ್ನು ನಡೆಸಿದ. 1965ರಲ್ಲಿ ಹಕ್ಕುದಾರರ ಪ್ರತಿನಿಧಿಯಾದ. ಟ್ರಂಕಿನ ಕಾಗದಗಳೂ ಅದೇ ದಶಕದಲ್ಲಿ ಆತನಿಗೆ ದಕ್ಕಿದವು. ಬೋನಿ ಸಂಸ್ಥೆ ತಿರಸ್ಕರಿಸಿದ್ದ ಕವಿತೆಗಳು ‘ಸಿಂಗರ್ಸ್ ಇನ್ ದಿ ಶ್ಯಾಡೋಸ್’ ಎಂಬ ಹೆಸರಿನಲ್ಲಿ 1970ರಲ್ಲಿ, ಅಂದರೆ 42 ವರ್ಷ ತಡವಾಗಿ, ಪುಸ್ತಕವಾದವು. 1976ರಲ್ಲಿ ಲಾರ್ಡ್ ಸಿದ್ಧಪಡಿಸಿದ ಗ್ರಂಥಸೂಚಿ ‘ದಿ ಲಾಸ್ಟ್ ಕೆಲ್ಟ್’ ಮುಂದಿನ ಎಲ್ಲ ಪಟ್ಟಿಗಳಿಗೂ ತಳಹದಿಯಾಯಿತು.

ಪಟ್ಟಿ ಮಾಡುವುದು ಸುಲಭದ ಕೆಲಸವೆಂದು ತೋರಬಹುದು. ಹೋವರ್ಡ್‌ನ ಮಟ್ಟಿಗೆ ಅದು ಒಗಟು ಬಿಡಿಸುವ ಕೆಲಸ. ಅನೇಕ ಕವಿತೆಗಳಿಗೆ ಶೀರ್ಷಿಕೆಯೇ ಇಲ್ಲ. ಮೊದಲ ಸಾಲಿನಿಂದಲೇ ಅವನ್ನು ಗುರುತಿಸಬೇಕು. ಒಂದೇ ಕವಿತೆ ಎರಡು ಹೆಸರುಗಳಲ್ಲಿ, ಎರಡು ಕರಡುಗಳಲ್ಲಿ ಸಿಕ್ಕರೆ ಅದು ಒಂದೋ ಎರಡೋ ಎಂಬ ಪ್ರಶ್ನೆ ಏಳುತ್ತದೆ. ಪ್ಯಾಟ್ರಿಕ್ ಹೋವರ್ಡ್ ಎಂಬ ಗುಪ್ತನಾಮದ ರಚನೆಗಳೂ ಇವೆ. 1928ರಿಂದ ಕೆಲಕಾಲ ಗೆಳೆಯರ ಬಳಗ ‘ದಿ ಜುಂಟೋ’ ಎಂಬ ಖಾಸಗಿ ಪತ್ರಿಕೆಯನ್ನು ನಡೆಸಿತು. ಬೆರಳಚ್ಚಿನ ಒಂದೇ ಪ್ರತಿ. ಅಂಚೆಯ ಮೂಲಕ ಒಬ್ಬರಿಂದೊಬ್ಬರಿಗೆ ಸಾಗುತ್ತಿತ್ತು. ಹೋವರ್ಡ್‌ನ ಕವಿತೆಗಳು ಅಲ್ಲಿಯೂ ಇದ್ದವು. ಅಂಥ ಪ್ರತಿ ದಾರಿಯಲ್ಲಿ ಕಳೆದರೆ ಅದರೊಳಗಿನದು ಶಾಶ್ವತವಾಗಿ ಕಳೆದಂತೆಯೇ.

ಪಟ್ಟಿಗೆ ಸೇರಿಸುವಷ್ಟೇ ಮುಖ್ಯವಾದದ್ದು ಪಟ್ಟಿಯಿಂದ ತೆಗೆಯುವುದು. ಸಾವಿನ ದಿನ ದೊರೆತ ಬೆರಳಚ್ಚಿನ ಒಂದೆರಡು ಸಾಲುಗಳನ್ನು ದಶಕಗಳ ಕಾಲ ಹೋವರ್ಡ್‌ನ ಕೊನೆಯ ಕವಿತೆ ಎಂದೇ ನಂಬಲಾಗಿತ್ತು. ಅವುಗಳ ಮೂಲ ವಯೋಲಾ ಗಾರ್ವಿನ್ ಎಂಬ ಕವಯಿತ್ರಿಯ ರಚನೆಯೊಂದರಲ್ಲಿದೆ ಎಂಬುದನ್ನು ನಂತರದ ಸಂಶೋಧಕರು ಕಂಡುಹಿಡಿದರು. ಎಲ್ಲರಿಗೂ ಚೆನ್ನಾಗಿ ನೆನಪಿದ್ದ ಸಾಲುಗಳೇ ಆತನವಲ್ಲ. ಆತನವೇ ಆದ ನೂರಾರು ಕವಿತೆಗಳು ಯಾರಿಗೂ ನೆನಪಿಲ್ಲ. ಪಟ್ಟಿಕಾರನ ಶ್ರಮಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಉಳಿದ ಮನೆ, ಖಾಲಿ ಸಾಲುಗಳು

2007 ಮತ್ತು 2008ರಲ್ಲಿ ಹೋವರ್ಡ್‌ನ ಪತ್ರಗಳು ಮೂರು ಸಂಪುಟಗಳಾಗಿ ಬಂದವು. 2008ರಲ್ಲೇ 700ಕ್ಕೂ ಹೆಚ್ಚು ಕವಿತೆಗಳ ಸಮಗ್ರ ಸಂಪುಟವೂ ಹೊರಬಂತು. 2011ರ ಕೊನೆಯ ದಿನ ಲಾರ್ಡ್ ನಿಧನನಾದ. ಆತ ಕೂಡಿಟ್ಟ ಬೆರಳಚ್ಚು ಪ್ರತಿಗಳು ಆಸ್ಟಿನ್‌ನ ಹ್ಯಾರಿ ರ‍್ಯಾನ್ಸಮ್ ಕೇಂದ್ರದಲ್ಲಿವೆ.

ಕ್ರಾಸ್ ಪ್ಲೇನ್ಸ್‌ನ ಮನೆ ಈಗ ವಸ್ತುಸಂಗ್ರಹಾಲಯ. 2005ರ ಡಿಸೆಂಬರ್ 27ರಂದು ಊರಿಗೆ ನುಗ್ಗಿದ ಕಾಳ್ಗಿಚ್ಚು ನೂರಕ್ಕೂ ಹೆಚ್ಚು ಮನೆಗಳನ್ನು ಆಹುತಿ ತೆಗೆದುಕೊಂಡಾಗಲೂ ಅದು ಉಳಿಯಿತು. ಪ್ರತಿವರ್ಷ ಜೂನ್‌ನಲ್ಲಿ ಅಭಿಮಾನಿಗಳು ಅಲ್ಲಿ ಸೇರುತ್ತಾರೆ. ಹೋವರ್ಡ್ ಕುಳಿತು ಟೈಪು ಮಾಡುತ್ತಿದ್ದ ಕಿರಿದಾದ ಕೋಣೆಯನ್ನು ನೋಡುತ್ತಾರೆ.

ಸಂಶೋಧಕರ ಪಟ್ಟಿಯಲ್ಲಿ ಇಂದಿಗೂ ಕೆಲವು ಹೆಸರುಗಳ ಮುಂದೆ ಪಠ್ಯದ ಜಾಗ ಖಾಲಿಯಿದೆ. ಆ ಹೆಸರುಗಳನ್ನು ಯಾರೂ ಅಳಿಸಿಲ್ಲ. ಎಲ್ಲಿಯೋ ಒಂದು ಮನೆಯ ಅಟ್ಟದ ಮೇಲೆ, ಹಳೆಯ ಕಾಗದಗಳ ಕಟ್ಟಿನಲ್ಲಿ ಹಾಳೆಯೊಂದು ಸಿಕ್ಕರೆ, ಅದನ್ನು ಗುರುತಿಸಲು ಆ ಹೆಸರಾದರೂ ಇರಬೇಕಲ್ಲ.