ಡೆನಿಸ್ ರಿಚಿ: ಅಳತೆಯನ್ನು ನಮ್ಮ ಕೈಗೆ ಬಿಟ್ಟವರು

ಮೊದಲ ವರ್ಷದ ಸಿ ಲ್ಯಾಬಲ್ಲಿ ಹೆಸರು ಓದಿಕೊಳ್ಳೋ ಪ್ರೋಗ್ರಾಂ ನಾವೆಲ್ಲ ಬರೆದಿದ್ದೇವೆ. 20 ಅಕ್ಷರದ ಅರೇ ಇಟ್ಟು, ಹಳೇ ಪುಸ್ತಕ ನೋಡಿ ಗೆಟ್ಸ್ ಅಂತ ಹಾಕಿದರೆ ಕಂಪೈಲರ್ ಬೈಯುತ್ತೆ. ಯಾಕೆ ಅಂತ ತಿಳಿಯೋಕೆ ಈ ಭಾಷೆ ಕಟ್ಟಿದ ಡೆನಿಸ್ ರಿಚಿ ಅವರ ಕಥೆಗೇ ಹೋಗಬೇಕು.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಆಮೇಲೆ ಅನ್ವಯಿಕ ಗಣಿತ ಓದಿ, 1967ರಲ್ಲಿ ಅದೇ ಬೆಲ್ ಲ್ಯಾಬ್ಸ್ ಸೇರಿದರು. ಪಿಎಚ್‌ಡಿ ಪ್ರಬಂಧ ಬರೆದರೂ ಪದವಿ ಮಾತ್ರ ತೆಗೆದುಕೊಳ್ಳಲಿಲ್ಲ.

1969ರಲ್ಲಿ ಕೆನ್ ಥಾಂಪ್ಸನ್ ಪಿಡಿಪಿ-7 ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಯುನಿಕ್ಸ್ ಶುರು ಮಾಡಿದಾಗ ರಿಚಿ ಜೊತೆಯಾದರು. ಮುಂದೆ ಸಿಕ್ಕ ಪಿಡಿಪಿ-11ರಲ್ಲಿ ಒಟ್ಟು ಮೆಮೊರಿ 24 ಕಿಲೋಬೈಟ್, ಅದರಲ್ಲಿ ಅರ್ಧ ಯುನಿಕ್ಸ್‌ಗೇ ಬೇಕು. ಅಲ್ಲಿ ಒಂದೊಂದು ಬೈಟೂ ಲೆಕ್ಕ. ಥಾಂಪ್ಸನ್ ಅವರ ಬಿ ಭಾಷೆಯನ್ನು ಬೆಳೆಸಿ ರಿಚಿ ಸಿ ಮಾಡಿದರು. 1973ರಲ್ಲಿ ಯುನಿಕ್ಸ್ ಕರ್ನಲ್ಲನ್ನೇ ಸಿಯಲ್ಲಿ ಮತ್ತೆ ಬರೆದದ್ದಾಯಿತು.

ಸಿಯಲ್ಲಿ ಸ್ಟ್ರಿಂಗ್ ತನ್ನ ಉದ್ದವನ್ನು ಬರೆದಿಟ್ಟುಕೊಳ್ಳಲ್ಲ, ಕೊನೆಗೆ ಒಂದು ಸೊನ್ನೆ ಬೈಟ್ ಇರುತ್ತೆ ಅಷ್ಟೇ. ಉದ್ದವನ್ನು ಒಂದು ಬೈಟಲ್ಲಿ ಇಟ್ಟರೆ 255 ಅಕ್ಷರಕ್ಕೇ ನಿಲ್ಲಬೇಕಲ್ವಾ? ಆ ಮಿತಿ ಬೇಡ ಅನ್ನೋದು ಒಂದು ಕಾರಣ. ಅರೇಯನ್ನು ಫಂಕ್ಷನ್‌ಗೆ ಕೊಟ್ಟರೂ ಹೋಗೋದು ಮೊದಲ ಅಕ್ಷರದ ವಿಳಾಸ ಮಾತ್ರ. ಅಳತೆ ನೋಡಿಕೊಳ್ಳೋದು ಪ್ರೋಗ್ರಾಂ ಬರೆಯೋರ ಜವಾಬ್ದಾರಿ.

ಗೆಟ್ಸ್ ಎಡವಿದ್ದು ಇಲ್ಲೇ. ಅದಕ್ಕೆ ವಿಳಾಸ ಗೊತ್ತು, ಜಾಗ ಎಷ್ಟಿದೆ ಗೊತ್ತಿಲ್ಲ. ಎಂಟರ್ ಒತ್ತೋವರೆಗೂ ತುಂಬುತ್ತಾ ಹೋಗಿ, ಹೆಚ್ಚಾದದ್ದನ್ನು ಪಕ್ಕದ ಮೆಮೊರಿ ಮೇಲೆ ಬರೆಯುತ್ತೆ. 1988ರ ನವೆಂಬರ್ 2ರಂದು ಹೊರಟ ಮಾರಿಸ್ ವರ್ಮ್ ಬಳಸಿದ ದಾರಿಗಳಲ್ಲಿ ಇದೂ ಒಂದು. ಫಿಂಗರ್ ಅನ್ನೋ ಸೇವೆಯಲ್ಲಿ ಗೆಟ್ಸ್ ಓದುತ್ತಿದ್ದ ಜಾಗ 512 ಬೈಟ್. ವರ್ಮ್ ಅದಕ್ಕಿಂತ ಉದ್ದದ ಸಾಲು ಕಳಿಸಿ ತನ್ನ ಕೋಡನ್ನೇ ಓಡಿಸಿತು. ಸಾವಿರಾರು ಕಂಪ್ಯೂಟರ್‌ಗಳು ಸುಸ್ತಾದವು.

ಅಷ್ಟರಲ್ಲಿ ರಿಚಿ ದೊಡ್ಡ ಹೆಸರು. ಬ್ರಯಾನ್ ಕರ್ನಿಹಾನ್ ಜೊತೆ ಬರೆದ ಸಿ ಪುಸ್ತಕ 1978ರಲ್ಲಿ ಬಂದಿತ್ತು. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿಯೂ ಸಿಕ್ಕಿತ್ತು. ಆದರೂ ಅವರು ಪ್ರಚಾರದಿಂದ ದೂರ ಇದ್ದ ಮನುಷ್ಯ. 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್ 12ರಂದು, ಒಂಟಿಯಾಗಿದ್ದ ಮನೆಯಲ್ಲಿ ತೀರಿಕೊಂಡಿದ್ದು ಗೊತ್ತಾಯಿತು. ವಾರದ ಹಿಂದೆ ಹೋಗಿದ್ದ ಸ್ಟೀವ್ ಜಾಬ್ಸ್ ಸುದ್ದಿಯಲ್ಲಿ ಇವರ ಸುದ್ದಿ ಮುಳುಗೇಹೋಯಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ಬಂದ ಸಿ11 ಸ್ಟ್ಯಾಂಡರ್ಡ್ ಗೆಟ್ಸನ್ನು ಕಿತ್ತುಹಾಕಿತು. ಅದನ್ನು ನೋಡೋಕೆ ರಿಚಿ ಇರಲಿಲ್ಲ.

ಈಗ ನಮ್ಮ ಲ್ಯಾಬ್‌ಗೆ ಬರೋಣ. ಗೆಟ್ಸ್ ಬದಲು ಎಫ್‌ಗೆಟ್ಸ್ ಬಳಸಿ 20 ಅಂತ ಅಳತೆ ಹೇಳಿದರೆ ಅದು 19 ಅಕ್ಷರಕ್ಕೆ ನಿಂತು ಕೊನೆಗೆ ಸೊನ್ನೆ ಇಡುತ್ತೆ. ಸಾಲು ಚಿಕ್ಕದಾದರೆ ಎಂಟರ್ ಅಕ್ಷರವೂ ಒಳಗೇ ಉಳಿಯುತ್ತೆ, ತೆಗೆಯೋದು ಮರೀಬೇಡಿ. ಉದ್ದದ್ದಾದರೆ ಮಿಕ್ಕಿದ್ದು ಮುಂದಿನ ಓದಿಗೆ ಕಾಯುತ್ತಿರುತ್ತೆ. ಏನೂ ಓದೋಕೆ ಸಿಗದಿದ್ದರೆ ನಲ್ ಬರುತ್ತೆ, ಅದನ್ನೂ ನೋಡಿ. ಸ್ಕ್ಯಾನ್‌ಎಫ್‌ನಲ್ಲಿ ಬರೀ ಪರ್ಸೆಂಟ್ ಎಸ್ ಹಾಕಿದರೆ ಅದೇ ಹಳೇ ಗಂಡಾಂತರ, ನಡುವೆ 19 ಸೇರಿಸಿ. ರಿಚಿ ನಮ್ಮನ್ನು ನಂಬಿ ಅಳತೆ ನಮ್ಮ ಕೈಗೆ ಬಿಟ್ಟರು, ಅದನ್ನು ಬರೆಯೋದು ನಮ್ಮ ಕೆಲಸ.