ರಿಚರ್ಡ್ ಟ್ರೆವಿಥಿಕ್ : ಗಣಿಯ ಪಂಪನ್ನು ತಿದ್ದಿದ ಯಂತ್ರಶಿಲ್ಪಿ

ಯಂತ್ರಗಳ ಚರಿತ್ರೆಯನ್ನು ಓದುವವರು ಸಾಮಾನ್ಯವಾಗಿ ಅವುಗಳ ವೇಗಕ್ಕೂ ಬಲಕ್ಕೂ ಬೆರಗಾಗುತ್ತಾರೆ. ಆದರೆ ಯಂತ್ರವನ್ನು ದಿನವೂ ನಡೆಯಿಸುವವನ ಚಿಂತೆಯೇ ಬೇರೆ. ಯಾವ ಅಂಗವು ಮೊದಲು ಸವೆಯುವುದು, ಅದನ್ನು ಬದಲಾಯಿಸಲು ಎಷ್ಟು ಹೊತ್ತು ಹಿಡಿಯುವುದು, ಅಷ್ಟರಲ್ಲಿ ನಿಂತ ಕೆಲಸದಿಂದ ಆಗುವ ನಷ್ಟವೆಷ್ಟು ಎಂಬುದೇ ಅವನಿಗೆ ಮುಖ್ಯ. ರಿಚರ್ಡ್ ಟ್ರೆವಿಥಿಕ್ಕನನ್ನು ಲೋಕವು ಹಳಿಯ ಮೇಲೆ ಓಡಿದ ಮೊದಲ ಉಗಿಬಂಡಿಯ ಕರ್ತೃವೆಂದು ಬಲ್ಲದು. ಅದಕ್ಕೂ ಏಳು ವರ್ಷ ಮೊದಲೇ ಆತನು ಗಣಿಯ ನೀರೆತ್ತುವ ಪಂಪಿನಲ್ಲಿ ಮಾಡಿದ ಸುಧಾರಣೆಯನ್ನು ಬಲ್ಲವರು ವಿರಳ. ಉಪಯೋಗದಲ್ಲಿ ಅದೇನೂ ಕಡಿಮೆಯದಲ್ಲ.

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ಕಾರ್ನ್‌ವಾಲ್ ಪ್ರಾಂತದ ಇಲ್ಲೋಗನ್ ಎಂಬಲ್ಲಿ 1771ನೆಯ ಇಸವಿ ಏಪ್ರಿಲ್ 13ರಂದು ಆತನು ಜನಿಸಿದನು. ತಂದೆಯು ಗಣಿಯ ಮೇಲ್ವಿಚಾರಕನಾಗಿದ್ದನು. ಬಾಲಕನಿಗೆ ಶಾಲೆಯ ಪಾಠ ರುಚಿಸಲಿಲ್ಲ. ಗಣಿಯ ಯಂತ್ರಗಳೇ ಅವನ ಪಾಠಶಾಲೆಯಾದವು. ಆರಡಿ ಎರಡಂಗುಲ ಎತ್ತರದ ಈ ತರುಣನ ದೇಹಬಲವು ಆ ಸೀಮೆಯಲ್ಲೆಲ್ಲ ಮನೆಮಾತಾಗಿದ್ದಿತು.

ಕಾರ್ನ್‌ವಾಲಿನ ನೆಲದಲ್ಲಿ ತಾಮ್ರವೂ ತವರವೂ ಸಮೃದ್ಧವಾಗಿದ್ದುವು. ಗಣಿಯನ್ನು ಆಳಕ್ಕೆ ತೋಡಿದಂತೆಲ್ಲ ನೀರು ನುಗ್ಗುತ್ತಿದ್ದಿತು. ಅದನ್ನು ಎತ್ತುವ ಉಗಿಯಂತ್ರಗಳಿಗೆ ಬೇಕಾದ ಕಲ್ಲಿದ್ದಲು ಆ ಪ್ರಾಂತದಲ್ಲಿ ಇರಲಿಲ್ಲ. ಹಡಗಿನಲ್ಲಿ ವೇಲ್ಸ್ ದೇಶದಿಂದ ಬರಬೇಕಾಗಿದ್ದಿತು. ಆದುದರಿಂದ ಸೋರುವ ಪಂಪು ಅಲ್ಲಿ ಬರಿಯ ತೊಂದರೆಯಾಗಿರದೆ ನೇರವಾದ ಧನನಷ್ಟವಾಗಿದ್ದಿತು.

ಹಳೆಯ ಪಂಪಿನ ರಚನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಕೊಳವೆಯೊಳಗೆ ಅಂಚಿಗೆ ತೊಗಲು ಸುತ್ತಿದ, ನಡುವೆ ಕವಾಟವುಳ್ಳ ಒಂದು ಬಟ್ಟಲು. ನೆಲದ ಮೇಲಿನ ಉಗಿಯಂತ್ರವು ಮರದ ಉದ್ದನೆಯ ತೊಲೆಗಳ ಮೂಲಕ ಅದನ್ನು ಎತ್ತಿ ಇಳಿಸುತ್ತಿದ್ದಿತು. ಗಣಿಯ ನೀರು ಬಾವಿಯ ತಿಳಿನೀರಲ್ಲ. ಕಲ್ಲಿನ ಪುಡಿಯೂ ಮರಳೂ ಅದರಲ್ಲಿರುತ್ತವೆ. ತಾಮ್ರದ ಗಣಿಯಾದರೆ ಕಬ್ಬಿಣವನ್ನು ತಿನ್ನುವ ಆಮ್ಲವೂ ಇರುತ್ತದೆ. ಪ್ರತಿ ಏರಿಳಿತದಲ್ಲಿಯೂ ತೊಗಲಿಗೂ ಕೊಳವೆಯ ಗೋಡೆಗೂ ನಡುವೆ ಮರಳು ಸಿಕ್ಕಿ ಎರಡನ್ನೂ ಅರೆಯುತ್ತಿದ್ದಿತು. ತೊಗಲು ಸವೆದರೆ ಯಂತ್ರವನ್ನು ನಿಲ್ಲಿಸಿ ಬಟ್ಟಲನ್ನು ಹೊರಕ್ಕೆಳೆಯಬೇಕು. ಯಂತ್ರವು ನಿಂತೊಡನೆ ನೀರು ಏರತೊಡಗುವುದು.

1797ರ ಸುಮಾರಿಗೆ ಡಿಂಗ್ ಡಾಂಗ್ ಎಂಬ ಗಣಿಯಲ್ಲಿ ಕೆಲಸಮಾಡುತ್ತಿದ್ದ ಟ್ರೆವಿಥಿಕ್ಕನು ಬಟ್ಟಲನ್ನು ತೆಗೆದು ಅದರ ಸ್ಥಾನದಲ್ಲಿ ಗಟ್ಟಿಯಾದ ಒಂದು ದಿಂಡನ್ನು ಇಳಿಸಿದನು. ದಿಂಡಿನ ಪಂಪು ಪೂರ್ತಿಯಾಗಿ ಹೊಸದಲ್ಲ. ಸ್ಯಾಮ್ಯುಯೆಲ್ ಮಾರ್ಲೆಂಡ್ ಎಂಬಾತನು 1675ರಷ್ಟು ಹಿಂದೆಯೇ ಅದಕ್ಕೆ ಸನ್ನದು ಪಡೆದಿದ್ದನು. ಅದನ್ನು ಆಳವಾದ ಗಣಿಯ ಕೆಲಸಕ್ಕೆ ಒಗ್ಗಿಸಿದುದೇ ಟ್ರೆವಿಥಿಕ್ಕನ ಸಾಧನೆ. ಈ ದಿಂಡು ಕೊಳವೆಯ ಗೋಡೆಯನ್ನು ಮುಟ್ಟದು. ಮೇಲ್ಬಾಯಿಯಲ್ಲಿ ಮಾತ್ರ, ಕೊಬ್ಬು ಸವರಿ ಅಡಕಿದ ಸಣಬಿನ ಹುರಿಯ ನಡುವೆ ಅದು ಜಾರುತ್ತದೆ. ಹುರಿ ಸವೆದರೆ ಸೋರಿಕೆಯು ಕಣ್ಣಿಗೆ ಕಾಣುವುದು. ಮೇಲಿನ ಬಿಲ್ಲೆಯನ್ನು ತಿರುಪಿನಿಂದ ಬಿಗಿದರೆ ನಿಲ್ಲುವುದು. ಕವಾಟಗಳಾದರೋ ಚಲಿಸುವ ಅಂಗದಿಂದ ಬೇರ್ಪಟ್ಟು ಪಕ್ಕದಲ್ಲಿ ಬಾಗಿಲುಳ್ಳ ಪೆಟ್ಟಿಗೆಗಳಲ್ಲಿ ಕುಳಿತವು. ಬಾಗಿಲನ್ನು ತೆರೆದು ಹೊಸ ತೊಗಲನ್ನು ಹಾಕಿ ಮುಚ್ಚಿದರೆ ದುರಸ್ತಿ ಮುಗಿಯಿತು. ಸವೆತವನ್ನು ಯಾರೂ ಪೂರ್ಣವಾಗಿ ನಿಲ್ಲಿಸಲಾರರು. ಸವೆಯುವ ಅಂಗವನ್ನು ಮನುಷ್ಯನ ಕೈಗೆ ಎಟಕುವಲ್ಲಿ ತಂದಿಟ್ಟುದೇ ಆತನ ಜಾಣ್ಮೆ.

ಆದರೂ ಗಣಿಯ ಅತ್ಯಂತ ತಳದಲ್ಲಿ ಕಾರ್ನ್‌ವಾಲಿನವರು ಹಳೆಯ ಬಟ್ಟಲಿನ ಪಂಪನ್ನೇ ಉಳಿಸಿಕೊಂಡರು. ತಳವು ನೀರಿನಲ್ಲಿ ಮುಳುಗಿದರೆ ಪೆಟ್ಟಿಗೆಯ ಬಾಗಿಲಿನ ಬಳಿಗೆ ಹೋಗುವುದು ಅಸಾಧ್ಯ. ಬಟ್ಟಲನ್ನೂ ಕೆಳಗಣ ಕವಾಟವನ್ನೂ ಕೊಳವೆಯ ಮೂಲಕವೇ ಮೇಲಕ್ಕೆ ಸೆಳೆದುಕೊಳ್ಳಬಹುದು. ಹೊಸದೆಂಬ ಮಾತ್ರಕ್ಕೆ ಎಲ್ಲೆಡೆಯೂ ಅದನ್ನೇ ಹೇರದ ಈ ವಿವೇಕವು ಗಮನಾರ್ಹವಾದುದು.

ಉಳಿದ ಒಂದು ದೋಷವೆಂದರೆ ಕವಾಟದ ಪೆಟ್ಟು. ದೊಡ್ಡ ಪಂಪಿನಲ್ಲಿ ನೀರಿನ ಭಾರದಿಂದ ಕವಾಟವು ಧಡಾರನೆ ಬಡಿದು ತನ್ನ ಪೀಠವನ್ನು ಜಜ್ಜುತ್ತಿದ್ದಿತು. ಟ್ರೆವಿಥಿಕ್ಕನ ಪತ್ನಿ ಜೇನಳ ತವರಿನವರಾದ ಹಾರ್ವೆ ಮನೆತನದವರು ಹೇಲ್ ಎಂಬಲ್ಲಿ ಕಬ್ಬಿಣದ ಕಾರ್ಖಾನೆಯನ್ನು ನಡೆಯಿಸುತ್ತಿದ್ದರು. ಆತನ ಮರಣಾನಂತರ, 1839ರಲ್ಲಿ, ಆ ಮನೆತನದ ಒಬ್ಬನೂ ವೆಸ್ಟ್ ಎಂಬ ಎಂಜಿನಿಯರನೂ ಸೇರಿ ಎರಡು ಪೀಠಗಳ ಕವಾಟಕ್ಕೆ ಸನ್ನದು ಪಡೆದರು. ಒಂದರ ಮೇಲೊಂದಿರುವ ಎರಡು ಬಳೆಗಳ ಮೇಲೆ ಕೂರುವ ಈ ಕವಾಟವನ್ನು ನೀರು ಒತ್ತುವ ವಿಸ್ತೀರ್ಣವು ಅಲ್ಪ. ತುಸುವೇ ಎದ್ದರೂ ಎರಡು ಕಡೆ ದಾರಿ ತೆರೆಯುವುದು. ಆದುದರಿಂದ ಅದು ಮೆಲ್ಲನೆ ಕೂರುವುದು, ಬಹುಕಾಲ ಬಾಳುವುದು.

ಟ್ರೆವಿಥಿಕ್ಕನ ಜೀವನವು ಮಾತ್ರ ಸುಗಮವಾಗಿ ಸಾಗಲಿಲ್ಲ. 1804ರ ಫೆಬ್ರವರಿ 21ರಂದು ವೇಲ್ಸಿನ ಪೆನಿಡಾರೆನ್ನಿನಲ್ಲಿ ಆತನ ಉಗಿಬಂಡಿಯು ಹತ್ತು ಟನ್ ಕಬ್ಬಿಣವನ್ನು ಎಳೆಯಿತು. ಆದರೆ ಅದರ ಭಾರಕ್ಕೆ ಹಳಿಗಳು ಮುರಿದವು. 1811ರಲ್ಲಿ ಆತನು ದಿವಾಳಿಯಾದನು. ಪೆರು ದೇಶದ ಸೆರೊ ಡಿ ಪಾಸ್ಕೊ ಬೆಳ್ಳಿಯ ಗಣಿಗಳು ನೀರು ತುಂಬಿ ನಿಂತಿದ್ದುವು. ಹೇಸರಗತ್ತೆಗಳು ಹೊರಬಲ್ಲಷ್ಟು ಸಣ್ಣ ತುಂಡುಗಳಾಗಿ ಬಿಡಿಸಬಹುದಾದ ಯಂತ್ರಗಳನ್ನು ಆತನು ಅಲ್ಲಿಗಾಗಿ ರಚಿಸಿ, 1816ರಲ್ಲಿ ತಾನೂ ಹೊರಟನು. ಅಲ್ಲಿನ ಸ್ವಾತಂತ್ರ್ಯ ಸಮರದ ಗೊಂದಲದಲ್ಲಿ ಎಲ್ಲವೂ ಹಾಳಾಗಿ, 1827ರಲ್ಲಿ ಬರಿಗೈಯಲ್ಲಿ ಸ್ವದೇಶಕ್ಕೆ ಮರಳಿದನು. ಪಾರ್ಲಿಮೆಂಟಿಗೆ ಮಾಡಿಕೊಂಡ ಬಿನ್ನಹವು ಫಲಿಸಲಿಲ್ಲ. 1833ರ ಏಪ್ರಿಲ್ 22ರಂದು ಡಾರ್ಟ್‌ಫರ್ಡಿನ ಒಂದು ವಸತಿಗೃಹದಲ್ಲಿ ತೀರಿಕೊಂಡಾಗ, ಜೊತೆಯ ಕಾರ್ಖಾನೆಯ ಕೆಲಸಗಾರರೇ ಚಂದಾ ಕೂಡಿಸಿ ಉತ್ತರಕ್ರಿಯೆ ನಡೆಯಿಸಿದರು. ಸಮಾಧಿಗೆ ಗುರುತಿನ ಕಲ್ಲೂ ಇರಲಿಲ್ಲ. ತನ್ನ ದಿಂಡಿನ ಪಂಪಿಗೆ ಆತನು ಸನ್ನದು ಪಡೆದಿರಲಿಲ್ಲವಾದ ಕಾರಣ, ಅದರಿಂದ ಲಾಭ ಪಡೆದ ಗಣಿಗಳು ಆತನಿಗೆ ಕೊಡಬೇಕಾದುದೂ ಏನೂ ಇರಲಿಲ್ಲ.

ಕಾರ್ನ್‌ವಾಲಿನ ಗಣಿಗಾರರು ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಬಂದು ದುಡಿದರು. 2001ರಲ್ಲಿ ಮುಚ್ಚಿದ ಆ ಗಣಿಗಳನ್ನು ನೀರು ತುಂಬಿಕೊಂಡಿತು. ಪಂಪು ನಿಂತ ಗಣಿಯು ನೀರಿನ ಪಾಲಾಗುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಊರಿನ ನೀರು ಸರಬರಾಯಿಗಾಗಲಿ ಕಾರ್ಖಾನೆಗಾಗಲಿ ಪಂಪನ್ನು ಕೊಳ್ಳುವ ಅಧಿಕಾರಿಗಳು ಅದರ ಬೆಲೆಯನ್ನೂ ಬಲವನ್ನೂ ವಿಚಾರಿಸುವರು. ಕವಾಟವನ್ನು ಬದಲಾಯಿಸಲು ಕೊಳವೆಯನ್ನೆಲ್ಲ ಕಳಚಬೇಕೇ, ಅಥವಾ ಒಂದು ಬಾಗಿಲನ್ನು ತೆರೆದರೆ ಸಾಕೇ ಎಂಬುದನ್ನೂ ಅವರು ವಿಚಾರಿಸಲಿ. ಆ ಪ್ರಶ್ನೆಯನ್ನು ಕೇಳುವವರು ಟ್ರೆವಿಥಿಕ್ಕನ ಋಣವನ್ನು ಕಿಂಚಿತ್ತಾದರೂ ತೀರಿಸಿದಂತಾಗುವುದು.