ಸದ್ದಿಲ್ಲದ ರೇಡಿಯೋ ಕೊಟ್ಟ ಎಂಜಿನಿಯರ್: ಎಡ್ವಿನ್ ಆರ್ಮ್‌ಸ್ಟ್ರಾಂಗ್

ಮಳೆಗಾಲದಲ್ಲಿ ಮಿಂಚು ಬಂದರೆ ಮನೆಯ ಹಳೇ ರೇಡಿಯೋ ಕರಕರ ಅನ್ನುತ್ತಿದ್ದುದು ನಮ್ಮ ಹಿರಿಯರಿಗೆ ನೆನಪಿರಬಹುದು. ಇಂದು ಎಫ್‌ಎಂನಲ್ಲಿ ಆ ಕಿರಿಕಿರಿ ಇಲ್ಲ. ಅದಕ್ಕೆ ಕಾರಣ ಅಮೆರಿಕದ ಎಲೆಕ್ಟ್ರಿಕಲ್ ಎಂಜಿನಿಯರ್ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್.

1890ರ ಡಿಸೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು, ಹುಡುಗನಾಗಿರುವಾಗಲೇ ಮನೆಯ ಪಕ್ಕ ಎತ್ತರದ ಆಂಟೆನಾ ಕಂಬ ನಿಲ್ಲಿಸಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಲಿಯುತ್ತಿದ್ದಾಗ, 1912ರಲ್ಲಿ, ಕ್ಷೀಣ ಸಿಗ್ನಲನ್ನು ಹಲವು ಪಟ್ಟು ಹೆಚ್ಚಿಸುವ ಸರ್ಕ್ಯೂಟ್ ಕಂಡುಹಿಡಿದರು. 1918ರಲ್ಲಿ, ಸೈನ್ಯದ ಅಧಿಕಾರಿಯಾಗಿ ಫ್ರಾನ್ಸ್‌ನಲ್ಲಿದ್ದಾಗ ಸೂಪರ್‌ಹೆಟೆರೊಡೈನ್ ರಿಸೀವರ್ ರೂಪಿಸಿದರು. ಮುಂದೆ ಬಹುತೇಕ ರೇಡಿಯೋ, ಟಿವಿಗಳು ಅದನ್ನೇ ಬಳಸಿದವು.

ಮೊದಲ ಸರ್ಕ್ಯೂಟಿನ ಪೇಟೆಂಟ್‌ಗಾಗಿ ಲೀ ಡಿ ಫಾರೆಸ್ಟ್ ಜೊತೆ ವರ್ಷಗಟ್ಟಲೆ ಕೇಸು ನಡೆಯಿತು. 1934ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಆರ್ಮ್‌ಸ್ಟ್ರಾಂಗ್ ವಿರುದ್ಧ ಬಂತು. ಅದೇ ಸಾಧನೆಗೆ ಸಿಕ್ಕಿದ್ದ ಪದಕವನ್ನು ಅವರು ಎಂಜಿನಿಯರುಗಳ ಸಂಸ್ಥೆಗೆ ವಾಪಸ್ ಕೊಡಲು ಹೋದರು. ಸಂಸ್ಥೆ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ, 1933ರಲ್ಲಿ, ಎಫ್‌ಎಂ ಪೇಟೆಂಟ್ ಸಿಕ್ಕಿತ್ತು. ಹಳೇ ಎಎಂನಲ್ಲಿ ದನಿಗೆ ತಕ್ಕಂತೆ ಅಲೆಯ ಎತ್ತರ ಬದಲಾಗುತ್ತದೆ. ಮಿಂಚು ಕೂಡ ಆ ಎತ್ತರವನ್ನೇ ಕೆಡಿಸುವುದರಿಂದ ಕರಕರ ಬರುತ್ತದೆ. ಎಫ್‌ಎಂನಲ್ಲಿ ಬದಲಾಗುವುದು ಅಲೆಯ ಎತ್ತರವಲ್ಲ, ಆವರ್ತನ. ಹಾಗಾಗಿ ದನಿ ಸ್ವಚ್ಛ.

ಆರ್‌ಸಿಎ ಕಂಪೆನಿ ಎಂಪೈರ್ ಸ್ಟೇಟ್ ಕಟ್ಟಡದಲ್ಲಿ ಪರೀಕ್ಷೆಗೆ ಜಾಗ ಕೊಟ್ಟಿತ್ತು. 1935ರಲ್ಲಿ ಟಿವಿಗಾಗಿ ಅದನ್ನು ಖಾಲಿ ಮಾಡಿಸಿತು. ಆರ್ಮ್‌ಸ್ಟ್ರಾಂಗ್ ಸ್ವಂತ ಹಣ ಹಾಕಿ ನ್ಯೂಜೆರ್ಸಿಯ ಆಲ್ಪೈನ್‌ನಲ್ಲಿ ಟವರ್ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ತಮ್ಮ ಪೇಟೆಂಟ್‌ಗಳನ್ನು ಸೈನ್ಯಕ್ಕೆ ಉಚಿತವಾಗಿ ಬಿಟ್ಟುಕೊಟ್ಟರು. ಆದರೆ 1945ರಲ್ಲಿ ಸರಕಾರ ಎಫ್‌ಎಂ ಬ್ಯಾಂಡನ್ನೇ ಬದಲಿಸಿತು. ಜನ ಕೊಂಡಿದ್ದ ಲಕ್ಷಾಂತರ ಸೆಟ್‌ಗಳು ಉಪಯೋಗಕ್ಕೆ ಬಾರದಾದವು.

1948ರಲ್ಲಿ ಆರ್‌ಸಿಎ ವಿರುದ್ಧ ಕೋರ್ಟಿಗೆ ಹೋದರು. ಕೇಸು ಎಳೆಯುತ್ತಲೇ ಹೋಯಿತು, ಹಣ ಕರಗಿತು, ಮನಸ್ಸು ಕುಗ್ಗಿತು. 1954ರ ಜನವರಿ ಕೊನೆಯಲ್ಲಿ ತಾವೇ ತಮ್ಮ ಪ್ರಾಣ ಕಳೆದುಕೊಂಡರು.

ಪತ್ನಿ ಮೇರಿಯನ್ ಮಾತ್ರ ಕೈಚೆಲ್ಲಲಿಲ್ಲ. ಅದೇ ವರ್ಷ ಆರ್‌ಸಿಎ ಸುಮಾರು 10 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. 1967ರಲ್ಲಿ ಮೊಟೊರೊಲಾ ವಿರುದ್ಧದ ಕೊನೆಯ ಕೇಸಿನಲ್ಲೂ ಗೆಲುವು ಮೇರಿಯನ್ ಅವರದ್ದೇ ಆಯಿತು. ಅದನ್ನು ನೋಡಲು ಆರ್ಮ್‌ಸ್ಟ್ರಾಂಗ್ ಇರಲಿಲ್ಲ.

ಎಂಜಿನಿಯರಿಂಗ್ ಕಲಿಯುತ್ತಿರುವ ನಮ್ಮ ಮಕ್ಕಳು ಈ ಬದುಕನ್ನು ತಿಳಿದಿರಲಿ. ನ್ಯಾಯ ತಡವಾಗಬಹುದು. ಅಲ್ಲಿಯವರೆಗಿನ ಭಾರವನ್ನು ಒಬ್ಬರೇ ಹೊರಬೇಡಿ, ಮನೆಯವರಲ್ಲಿ, ಗೆಳೆಯರಲ್ಲಿ ಹೇಳಿಕೊಳ್ಳಿ.